ಕ್ರಿಪ್ಟೊಜೂನ್ ಕುಲವೂ ಕಲಾದಗಿಯ ಪದರಗಲ್ಲುಗಳೂ

ಬೀಳಗಿಯಿಂದ ದಕ್ಷಿಣಕ್ಕೆ ಘಟಪ್ರಭೆಯನ್ನು ದಾಟಿದರೆ ಕಲಾದಗಿ, ಲೋಕಾಪುರಗಳ ಸುತ್ತ ಸುಣ್ಣಗಲ್ಲು ಹಾಗೂ ಡೊಲೊಮೈಟ್ ಶಿಲೆಗಳ ವಿಸ್ತಾರವಾದ ಹಾಸುಗಳು ಕಾಣಸಿಗುತ್ತವೆ. ರಾಬರ್ಟ್ ಬ್ರೂಸ್ ಫೂಟನು 1876ರ ತನ್ನ ವರದಿಯಲ್ಲಿ ಈ ಶಿಲಾಸಮುದಾಯವನ್ನು, ಆಗ ಜಿಲ್ಲೆಯ ಮುಖ್ಯಸ್ಥಳವಾಗಿದ್ದ ಕಲಾದಗಿಯ ಹೆಸರಿನಿಂದಲೇ ವರ್ಣಿಸಿದನು. ಇಲ್ಲಿಯ ಡೊಲೊಮೈಟಿನಲ್ಲಿ, ವಿಶೇಷವಾಗಿ ಚಿತ್ರಭಾನುಕೋಟೆಯ ಹೆಸರು ಪಡೆದ ಸ್ತರದಲ್ಲಿ, ಒಂದರ ಮೇಲೊಂದು ಕವುಚಿದ ಬಟ್ಟಲುಗಳಂತಹ ಪದರಾಕೃತಿಗಳು ಕಂಡುಬಂದಿವೆ. ಇಂತಹವುಗಳಿಗೆ ಸ್ಟ್ರೊಮಟೊಲೈಟ್ ಎಂಬ ಹೆಸರನ್ನು ಜರ್ಮನಿಯ ಕಾಲ್ಕೊವ್ಸ್ಕಿ 1908ರಲ್ಲಿ ಕೊಟ್ಟನು.

ಈ ಆಕೃತಿಯು ಸ್ವತಃ ಒಂದು ಜೀವಿಯಲ್ಲ. ಆಳವಿಲ್ಲದ ನೀರಿನ ತಳದಲ್ಲಿ ಲೋಳೆಯಂತೆ ಹರಡುವ ಸೂಕ್ಷ್ಮಜೀವಿಗಳು ಕೆಸರನ್ನು ಹಿಡಿದಿಟ್ಟು, ಸುಣ್ಣವನ್ನು ಘನೀಭವಿಸುವಂತೆ ಮಾಡಿ, ಪದರದ ಮೇಲೆ ಪದರವನ್ನು ಕಟ್ಟಿದ ರಚನೆಯಿದು. ಹೀಗಿದ್ದರೂ ವಿದ್ವಾಂಸರು ಹೊರರೂಪವನ್ನಷ್ಟೇ ನೋಡಿ ಇವಕ್ಕೆ ಪ್ರಾಣಿಗಳಿಗೆಂಬಂತೆ ಕುಲ, ಪ್ರಭೇದಗಳ ಹೆಸರುಗಳನ್ನಿಡುತ್ತ ಬಂದರು. ಹುತ್ತವನ್ನು ಕಂಡು ಅದಕ್ಕೇ ಗೆದ್ದಲಿನ ಹೆಸರಿಟ್ಟಂತಾಯಿತು.

ಇದರ ಅತಿ ಸ್ವಾರಸ್ಯಕರವಾದ ನಿದರ್ಶನ ಕ್ರಿಪ್ಟೊಜೂನ್. ನ್ಯೂಯಾರ್ಕ್ ಸಂಸ್ಥಾನದ ಸರಟೋಗಾದಲ್ಲಿ ಅಡ್ಡಕೊಯ್ದ ಎಲೆಕೋಸಿನಂತೆ ತೋರುವ ಶಿಲೆಗೆ ಜೇಮ್ಸ್ ಹಾಲ್ 1883ರಲ್ಲಿ ಇಟ್ಟ ಹೆಸರಿದು, ಅರ್ಥ 'ಗುಪ್ತಪ್ರಾಣಿ'. ಮುಂದೆ ಅದನ್ನು ಪ್ರಾಣಿವರ್ಗದಿಂದ ತೆಗೆದು ಶೈವಲಗಳ ಕೃತಿಯೆಂದು ಬಗೆದರು. ಪಠ್ಯಗಳಲ್ಲಿ ಅದು ಸ್ಟ್ರೊಮಟೊಲೈಟಿಗೆ ಮಾದರಿಯೇ ಆಯಿತು. ಆದರೆ 2021ರಲ್ಲಿ ಲೀ ಮತ್ತು ರೈಡಿಂಗ್ ಎಂಬುವರು ಅದರ ಒಳರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಸೂಕ್ಷ್ಮಜೀವಿಗಳ ಪದರಗಳೊಡನೆ ಸ್ಪಂಜುಪ್ರಾಣಿಯ ಪದರಗಳೂ ಸೇರಿವೆಯೆಂದು ಪ್ರತಿಪಾದಿಸಿದರು.

ಇಷ್ಟು ಕಾಲ ಸ್ಪಂಜು ಅಡಗಿದ್ದುದೇಕೆ? ಸ್ಪಂಜಿನ ಮೈಯೆಲ್ಲ ರಂಧ್ರಮಯ. ನೀರು ಸಣ್ಣ ರಂಧ್ರಗಳಿಂದ ಒಳಹೊಕ್ಕು, ಚಾವಟಿಯಂತಹ ಎಳೆಗಳುಳ್ಳ ಜೀವಕೋಶಗಳ ಬಡಿತದಿಂದ ಹರಿದು, ದೊಡ್ಡ ದ್ವಾರದಿಂದ ಹೊರಬೀಳುತ್ತದೆ. ಬಹುಪಾಲು ಸ್ಪಂಜುಗಳಲ್ಲಿ ಈ ಮೈಯನ್ನು ಸಿಲಿಕ ಅಥವಾ ಸುಣ್ಣದ ಸೂಜಿಗಳು ಎತ್ತಿಹಿಡಿಯುತ್ತವೆ. ಪಳೆಯುಳಿಕೆಯಲ್ಲಿ ಉಳಿಯುವವು ಮುಖ್ಯವಾಗಿ ಇವೇ. ಕೆರಟೋಸ ಎಂಬ ಗಣದಲ್ಲಿ ಸೂಜಿಗಳೇ ಇಲ್ಲ, ಸ್ಪಾಂಜಿನ್ ಎಂಬ ನಾರುಬಲೆ ಮಾತ್ರ. ನಾರು ಕೊಳೆತ ಮೇಲೆ ಉಳಿಯುವುದು ಹುಳುವಿನಂತೆ ಸುತ್ತುಸುತ್ತಾದ, ಸ್ಫಟಿಕ ತುಂಬಿದ ಸೂಕ್ಷ್ಮ ನಾಳಗಳ ಜಾಲವಷ್ಟೆ. ಇಂತಹ ಜಾಲವನ್ನು ಸ್ಪಂಜಿನದೆಂದು ಒಪ್ಪದ ತಜ್ಞರೂ ಇದ್ದಾರೆ. ಅವರ ಸಂದೇಹ ನಿರಾಧಾರವಾದುದಲ್ಲ.

ಹಾಗಾದರೆ ಕಲಾದಗಿಯ ಕಲ್ಲುಗಳಲ್ಲೂ ಸ್ಪಂಜನ್ನು ಹುಡುಕಬೇಕೆ? ಸರಟೋಗಾದ ಶಿಲೆಯ ವಯಸ್ಸು ಸುಮಾರು 49 ಕೋಟಿ ವರ್ಷ. ನಮ್ಮ ಡೊಲೊಮೈಟುಗಳಾದರೋ 100 ಕೋಟಿ ವರ್ಷಗಳಿಗೂ ಹಿಂದಿನವು. ನಿರ್ವಿವಾದವಾದ ಸ್ಪಂಜುಗಳು ಭೂಮಿಯಲ್ಲಿ ಕಾಣಿಸಿಕೊಂಡುದು ಅದಕ್ಕಿಂತ ಬಹಳ ತರುವಾಯ. ಹೊರರೂಪದಲ್ಲಿ ಎರಡೂ ಒಂದೇ ಬಗೆಯವಾದರೂ ಕಟ್ಟಿದವರು ಬೇರೆ. ಆದುದರಿಂದಲೇ ನಮ್ಮ ಮಾದರಿಗಳಿಗೆ ಹೊರರೂಪದ ಬಲದಿಂದ ಕೊಟ್ಟ ಕುಲನಾಮಗಳನ್ನು, 0.03 ಮಿಲಿಮೀಟರ್ ದಪ್ಪಕ್ಕೆ ಅರೆದ ಶಿಲಾಫಲಕಗಳಲ್ಲಿ ಒಳರಚನೆಯನ್ನು ನೋಡಿಯೇ ಸ್ಥಿರಪಡಿಸತಕ್ಕದ್ದು. ಈ ಭಾಗದ ಸುಣ್ಣಗಲ್ಲು ಬಹುಕಾಲದಿಂದ ಸುಣ್ಣದ ಗೂಡುಗಳಿಗೂ ಸಿಮೆಂಟಿನ ಕುಲುಮೆಗಳಿಗೂ ಹೋಗುತ್ತಿದೆ. ಗಣಿಯ ಗೋಡೆಗಳಲ್ಲಿ ಹೊಸದಾಗಿ ತೆರೆದುಕೊಳ್ಳುವ ಪದರಗಳ ಮಾದರಿಗಳನ್ನು, ದೊರೆತ ಸ್ಥಳವನ್ನೂ ಸ್ತರವನ್ನೂ ಬರೆದಿಟ್ಟು ಸಂಗ್ರಹಿಸುವ ಕಾರ್ಯವು ಅವು ಗೂಡು ಸೇರುವ ಮೊದಲೇ ಆಗಬೇಕಾಗಿದೆ.