ಜಟ್ಟಿಯ ನೆತ್ತರಿಗೆ ಬೆಲೆಯೆಷ್ಟು?

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋದವರು ಅಲ್ಲಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ಕಂಡು ಕೊಂಡಾಡದೆ ಹಿಂದಿರುಗುವುದಿಲ್ಲ. 1246ರಲ್ಲಿ ಅದನ್ನು ಕಟ್ಟಿಸಿದ ಬೊಮ್ಮಣ್ಣನು ವರ್ತಕನಲ್ಲ. ಹೊಯ್ಸಳ ಸೋಮೇಶ್ವರನ ದಂಡನಾಯಕನು. ಯುದ್ಧವೃತ್ತಿಯಿಂದ ದೊರೆತ ಐಶ್ವರ್ಯವೇ ಆ ಕಲ್ಲುಗಳಲ್ಲಿ ನಿಂತಿರುವುದೆಂದರೆ ತಪ್ಪಾಗಲಾರದು. ದಂಡನಾಯಕನಿಗೆ ಇಷ್ಟಾದರೆ ಸಾಮಾನ್ಯ ಭಟನಿಗೆ ಏನು ಸಲ್ಲುತ್ತಿದ್ದಿತು? ತುರುಗಳನ್ನು ಬಿಡಿಸಲು ಹೋಗಿ ಮಡಿದವನಿಗೆ ಒಂದು ವೀರಗಲ್ಲು. ಅವನ ಮನೆಯವರಿಗೆ ನೆತ್ತರುಗೊಡಗೆ ಎಂಬ ಭೂಮಿ. ಹೆಸರಿನಲ್ಲಿ ಯಾವ ಮುಚ್ಚುಮರೆಯೂ ಇಲ್ಲ. ಹರಿದ ನೆತ್ತರಿಗೆ ಊರು ಸಾಲಗಾರನೆಂದು ಒಪ್ಪಿಕೊಂಡ ಮಾತು ಅದು.

ಈ ಹಳೆಯ ಮಾತನ್ನು ಈಗ ಎತ್ತಲು ಕಾರಣವುಂಟು. ಗರಡಿಯ ಮಟ್ಟಿಯಲ್ಲಿ ಸಾಮು ಮಾಡುವ ನಮ್ಮ ಹುಡುಗರು ಈಚೆಗೆ ಮೊಬೈಲಿನ ತೆರೆಯ ಮೇಲೆ ಅಮೆರಿಕೆಯ ಪಂಜರದ ಕಾಳಗಗಳನ್ನು ನೋಡುತ್ತಿದ್ದಾರೆ. ಗುದ್ದು, ಒದೆ, ಕುಸ್ತಿಯ ಪಟ್ಟು ಎಲ್ಲವೂ ಬೆರೆತ ಈ ಮಿಶ್ರ ಮಲ್ಲಯುದ್ಧದಲ್ಲಿ ಕೋಟಿಗಳು ಸುರಿಯುತ್ತವೆಂದು ಕೇಳಿ ಅವರ ಕಣ್ಣು ಅರಳುವುದು ಸಹಜವೇ. ಆದರೆ ಆ ಕೋಟಿಗಳು ಯಾರ ಕೈಸೇರುತ್ತವೆಂಬುದನ್ನು ಅವರಿಗೆ ಹೇಳುವವರು ವಿರಳ.

ಕಾಳಗಕ್ಕೆ ಕೂಲಿ ಕೊಡುವ ಪದ್ಧತಿ ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವಿದೆ. ಮಲ್ಲರನ್ನು ತರಗತಿಗಳಾಗಿ ವಿಂಗಡಿಸಿ, ಅವರ ಆಹಾರ ವ್ಯಾಯಾಮಗಳ ಹೊಣೆಯನ್ನು ಅರಸನ ಮೇಲೆಯೇ ಅದು ಹೊರಿಸುತ್ತದೆ. ವಿಜಯನಗರದ ಮಹಾನವಮಿಯನ್ನು 1520ರ ಸುಮಾರಿಗೆ ಕಂಡ ಪೋರ್ಚುಗೀಸ್ ಪ್ರವಾಸಿ ಪಯಸನು, ಹಲ್ಲು ಮುರಿಯುವಂತೆ, ಕಣ್ಣು ಹೋಗುವಂತೆ ಬೀಳುತ್ತಿದ್ದ ಪೆಟ್ಟುಗಳನ್ನೂ, ಮಾತಿಲ್ಲದೆ ಬಿದ್ದವರನ್ನು ಸ್ನೇಹಿತರು ಹೊತ್ತೊಯ್ಯುತ್ತಿದ್ದುದನ್ನೂ ಬರೆದಿದ್ದಾನೆ. ಅವನ ತರುವಾಯ ಬಂದ ನೂನಿಜನು ಇನ್ನೂ ವಿಚಿತ್ರವಾದ ಸಂಗತಿಯನ್ನು ತಿಳಿಸುತ್ತಾನೆ. ಮುಳ್ಳುಗಳುಳ್ಳ ಬಳೆಗಳನ್ನು ಕೈಯಲ್ಲಿ ಹಿಡಿದು ಹೊಡೆದಾಡುವ ಜಟ್ಟಿಗಳಲ್ಲಿ, ಹೆಚ್ಚು ಗಾಯಗೊಂಡವನೇ ಹೋಗಿ ಅರಸನಿಂದ ರೇಷ್ಮೆಯ ವಸ್ತ್ರವನ್ನು ಪಡೆಯುತ್ತಿದ್ದನಂತೆ! ಗೆದ್ದವನಿಗಲ್ಲ, ಗಾಯಗೊಂಡವನಿಗೆ. ಈ ಏರ್ಪಾಡಿನ ಹಿಂದಿದ್ದ ವಿವೇಕವನ್ನು ಈ ಕಾಲದ ಕಂಪೆನಿಗಳು ಕಲಿತರೆ ಒಳಿತು.

ಆ ಕಾಳಗವೇ ಮೈಸೂರಿನಲ್ಲಿ ವಜ್ರಮುಷ್ಟಿಯಾಗಿ ಉಳಿಯಿತು. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿಗಳು ಸೆಣಸುತ್ತಾರೆ. ಮೊದಲ ನೆತ್ತರು ಕಾಣಿಸಿದೊಡನೆ ಕಾಳಗ ಮುಗಿಯುತ್ತದೆ. ಅರಸರಿದ್ದಾಗ ಜಟ್ಟಿಗಳಿಗೂ ಗರಡಿಗಳಿಗೂ ಅರಮನೆಯ ಆಶ್ರಯವಿದ್ದಿತು. ರಾಜಧನವೇ 1971ರಲ್ಲಿ ರದ್ದಾದ ಮೇಲೆ ಆ ಆಶ್ರಯ ಹಿಂದಿನಂತೆ ಉಳಿಯುವುದೆಂತು? ಈಗ ಸರ್ಕಾರದವರು ನಡೆಸುವ ದಸರಾ ಕುಸ್ತಿಯಲ್ಲಿ ಕಂಠೀರವ, ಕೇಸರಿ, ಕುಮಾರ, ಕಿಶೋರ ಎಂಬ ಬಿರುದುಗಳುಂಟು, ಬೆಳ್ಳಿಯ ಗದೆಯುಂಟು. ಬಿರುದು ಹಬ್ಬಕ್ಕೆ ಶೋಭೆ; ಪೈಲ್ವಾನನ ಹಾಲು, ತುಪ್ಪ, ಬಾದಾಮಿಯ ಖರ್ಚು ಮಾತ್ರ ವರ್ಷದ ಹನ್ನೆರಡು ತಿಂಗಳೂ ತಪ್ಪುವುದಿಲ್ಲ. ಗಾಮಾ ಪೈಲ್ವಾನನ ವೃತ್ತಾಂತವನ್ನೇ ನೋಡಬಹುದು. 1910ರಲ್ಲಿ ಲಂಡನ್ನಿನಲ್ಲಿ 250 ಪೌಂಡುಗಳನ್ನೂ ಜಾನ್ ಬುಲ್ ಪಟ್ಟವನ್ನೂ ಗೆದ್ದು ದೇಶದ ಕೀರ್ತಿಯನ್ನು ಮೆರೆದ ಆ ಮಹಾಮಲ್ಲನು 1960ರಲ್ಲಿ ಲಾಹೋರಿನಲ್ಲಿ ತೀರಿಕೊಂಡಾಗ ಹಣದ ಅಡಚಣೆಯಲ್ಲಿಯೇ ಇದ್ದನು.

ಇನ್ನು ಅಮೆರಿಕೆಯ ಲೆಕ್ಕ. ಯು.ಎಫ್.ಸಿ. ಎಂಬ ಸಂಸ್ಥೆ 1993ರಲ್ಲಿ ಡೆನ್ವರ್ ನಗರದಲ್ಲಿ ತನ್ನ ಮೊದಲ ಪಂದ್ಯಾವಳಿಯನ್ನು ನಡೆಸಿದಾಗ, ಗೆದ್ದ ಬ್ರೆಜಿಲಿನ ರಾಯ್ಸ್ ಗ್ರೇಸಿಗೆ 50,000 ಡಾಲರುಗಳ ಬಹುಮಾನ ಬಂದಿತು. ಐರ್ಲೆಂಡಿನ ಕಾನರ್ ಮೆಕ್‌ಗ್ರೆಗರನಿಗೆ 2016ರ ಆಗಸ್ಟಿನ ಒಂದೇ ಕಾಳಗಕ್ಕೆ ಘೋಷಿತವಾದ ಸಂಭಾವನೆ 30 ಲಕ್ಷ ಡಾಲರು. ನಮ್ಮ ಹುಡುಗರು ಕೇಳಿರುವುದು ಈ ಅಂಕಿಯನ್ನೇ. ಹೊಸದಾಗಿ ಸೇರಿದವನ ಒಪ್ಪಂದ ಬೇರೆಯ ಬಗೆಯದು: ಪಂಜರದೊಳಗೆ ಕಾಲಿಟ್ಟುದಕ್ಕೆ ಹತ್ತು ಹನ್ನೆರಡು ಸಾವಿರ ಡಾಲರು, ಗೆದ್ದರೆ ಅಷ್ಟೇ ಇನ್ನೊಂದು ಪಾಲು. ಹತ್ತು ಲಕ್ಷ ರೂಪಾಯಿಗೆ ಸಮೀಪದ ಮೊತ್ತವೆಂದು ಹಿಗ್ಗಬೇಕಾಗಿಲ್ಲ. ವರ್ಷಕ್ಕೆ ಅಂಥ ಎರಡು ಮೂರು ಕಾಳಗಗಳು ಸಿಕ್ಕರೆ ಹೆಚ್ಚು; ಅದರಲ್ಲಿಯೇ ಗುರುವಿನ ಪಾಲು, ದಲ್ಲಾಳಿಯ ಪಾಲು, ತೆರಿಗೆ, ಅಭ್ಯಾಸದ ಖರ್ಚು ಎಲ್ಲವೂ ಕಳೆಯಬೇಕು. ಅವನು ಸಂಸ್ಥೆಯ ನೌಕರನೂ ಅಲ್ಲ, ಸ್ವತಂತ್ರ ಗುತ್ತಿಗೆದಾರನೆಂದು ಕಾಗದದಲ್ಲಿ ಬರೆದಿರುತ್ತದೆ. ಸಂಘವಿಲ್ಲ, ನಿವೃತ್ತಿವೇತನವಿಲ್ಲ. ಅಭ್ಯಾಸದಲ್ಲಾಗುವ ಗಾಯಗಳಿಗೆ 2011ರಿಂದ ವಿಮೆಯನ್ನು ಒದಗಿಸಿರುವುದನ್ನು ಮಾತ್ರ ನ್ಯಾಯವಾಗಿ ಹೇಳಲೇಬೇಕು.

ಮಲ್ಲರು 2014ರಲ್ಲಿ ನ್ಯಾಯಾಲಯಕ್ಕೆ ಹೋದರು. ಪ್ರತಿಸ್ಪರ್ಧಿ ಸಂಸ್ಥೆಗಳನ್ನು ಅಡಗಿಸಿ ತಮ್ಮ ಕೂಲಿಯನ್ನು ತಗ್ಗಿಸಲಾಗಿದೆಯೆಂಬುದು ಅವರ ದೂರು. ಸಂಸ್ಥೆಯ ಆದಾಯದಲ್ಲಿ ಮಲ್ಲರಿಗೆ ಸಲ್ಲುತ್ತಿದ್ದುದು ಐದನೆಯ ಒಂದು ಪಾಲಿಗೂ ಕಡಿಮೆಯೆಂದು ಅವರ ಪರವಾಗಿ ವಾದಿಸಲಾಯಿತು. ಅದೇ ದೇಶದ ಬ್ಯಾಸ್ಕೆಟ್‌ಬಾಲ್ ಆಟಗಾರರು ತಮ್ಮ ಸಂಘದ ಬಲದಿಂದ ಸುಮಾರು ಅರ್ಧವನ್ನು ಪಡೆಯುತ್ತಾರೆ. 33.5 ಕೋಟಿ ಡಾಲರುಗಳ ರಾಜಿಯನ್ನು ನ್ಯಾಯಾಧೀಶರು 2024ರಲ್ಲಿ ತಳ್ಳಿಹಾಕಿದರು. ಬಳಿಕ 37.5 ಕೋಟಿ ಡಾಲರುಗಳಿಗೆ ಒಪ್ಪಂದವಾಗಿ, 2025ರಲ್ಲಿ ಅದಕ್ಕೆ ನ್ಯಾಯಾಲಯದ ಮುದ್ರೆ ಬಿದ್ದಿತು. 2010ರ ಡಿಸೆಂಬರಿನಿಂದ 2017ರ ಜೂನ್‌ವರೆಗೆ ಪಂಜರದಲ್ಲಿ ಸೆಣಸಿದ ಸಾವಿರಕ್ಕೂ ಮಿಕ್ಕ ಮಲ್ಲರಿಗೆ ಆ ಹಣ ಸಲ್ಲತಕ್ಕದ್ದು. ಇಷ್ಟು ತಡವಾಗಿ ಬಂದ ಈ ಹಣವೂ ಒಂದು ಬಗೆಯ ನೆತ್ತರುಗೊಡಗೆಯೇ ಸರಿ.

ನಮ್ಮವರು ಆ ಕಣಕ್ಕೆ ಹೋಗಬಾರದೆಂದು ನಾವು ಹೇಳುವುದಿಲ್ಲ. ಉತ್ತರ ಪ್ರದೇಶದ ಪೂಜಾ ತೋಮರ್ 2024ರ ಜೂನಿನಲ್ಲಿ ಅಲ್ಲಿ ಗೆದ್ದು, ಆ ಗೌರವಕ್ಕೆ ಪಾತ್ರಳಾದ ಮೊದಲ ಭಾರತೀಯ ಮಹಿಳೆಯೆನಿಸಿದಳು. ಕನ್ನಡದ ಗರಡಿಯಿಂದಲೂ ಒಬ್ಬನು ಹೊರಡಲಿ. ಆದರೆ ಒಪ್ಪಂದದ ಕಾಗದವನ್ನು ವಕೀಲರೊಬ್ಬರಿಂದ ಓದಿಸಿಕೊಂಡು ಹೊರಡಲಿ. ಇಲ್ಲಿಯೇ ಉಳಿಯುವವರ ಮಟ್ಟಿಗೆ ಜಾತ್ರೆಯ ಕುಸ್ತಿಗಳನ್ನು ಏರ್ಪಡಿಸುವ ಮಹನೀಯರಲ್ಲಿಯೂ, ದಸರೆಯ ಅಧಿಕಾರಿಗಳಲ್ಲಿಯೂ ನಮ್ಮದೊಂದು ಬಿನ್ನಹವಿದೆ. ಜೋಡಿ ಕಟ್ಟುವ ದಿನವೇ ಗೆದ್ದವನಿಗೆಷ್ಟು, ಸೋತವನಿಗೆಷ್ಟು ಎಂಬುದನ್ನು ಬರೆದು ಗೋಡೆಗೆ ಅಂಟಿಸಲಿ. ಕಣದ ಪಕ್ಕದಲ್ಲಿ ವೈದ್ಯರಿರಲಿ. ವಸೂಲಾದ ಹಣದಲ್ಲಿ ಒಂದು ಭಾಗವನ್ನು ಮೂಳೆ ಮುರಿದವನ ಚಿಕಿತ್ಸೆಗೆಂದು ಮೊದಲೇ ತೆಗೆದಿರಿಸಲಿ. ಕರಪತ್ರದಲ್ಲಿ ಗದೆಯ ಚಿತ್ರಕ್ಕೆ ಸ್ಥಳವಿರುವಾಗ ಈ ಮೂರು ಸಾಲುಗಳಿಗೂ ಸ್ಥಳ ದೊರೆಯದಿರಲಾರದು.