ಸಿಪ್ಪೆ ಪುಡಿಯೂ ಅಪ್ಪನ ಲಿವರ್ರೂ

ಕಾಲೇಜಿನ ಎದುರಿನ ಜ್ಯೂಸ್ ಅಂಗಡಿಯವರು ಎಸೆಯುತ್ತಿದ್ದ ಕಿತ್ತಳೆ, ಮೂಸಂಬಿ ಸಿಪ್ಪೆಯನ್ನು ಒಂದು ವಾರ ಚೀಲದಲ್ಲಿ ತುಂಬಿಕೊಂಡು ಬಂದೆ. ಬಿ.ಇ. ಬಯೋಟೆಕ್ನಾಲಜಿಯ ಮಿನಿ ಪ್ರಾಜೆಕ್ಟ್‌ಗೆ ಅದೇ ಕಚ್ಚಾವಸ್ತು. ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಎಥನಾಲ್‌ನಲ್ಲಿ ನೆನೆಸಿ ಸೋಸಿದೆವು. ನೇರಳೆ ಬಣ್ಣದ ಡಿಪಿಪಿಎಚ್ ದ್ರಾವಣಕ್ಕೆ ಆ ಸಾರ ಬೆರೆಸಿದಾಗ ಅದು ಹಳದಿಗೆ ತಿರುಗಿತು. ಅಂದರೆ ಸಿಪ್ಪೆಯಲ್ಲಿ ಆ್ಯಂಟಿಆಕ್ಸಿಡೆಂಟ್ ಇದೆ! ಖುಷಿಯಲ್ಲಿ ಕೂಡಲೇ ಅಪ್ಪನಿಗೆ ಫೋನ್ ಮಾಡಿದೆ.

ಅಪ್ಪನಿಗೆ ಆಗಷ್ಟೇ ಸ್ಕ್ಯಾನಿಂಗ್‌ನಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂದು ಬಂದಿತ್ತು. ಕುಡಿಯುವ ಅಭ್ಯಾಸವಿಲ್ಲ, ಆದರೆ ದಿನವಿಡೀ ಅಂಗಡಿಯ ಗಲ್ಲಾ ಮುಂದೆ ಕೂರುವ ಕೆಲಸ. ಕಿತ್ತಳೆ ಸಿಪ್ಪೆಯ ಹೆಸ್ಪೆರಿಡಿನ್ ಅನ್ನು 1828ರಲ್ಲೇ ಫ್ರಾನ್ಸ್‌ನ ಲೆಬ್ರೆಟಾನ್ ಬೇರ್ಪಡಿಸಿದ್ದು, ದಾಳಿಂಬೆ ಸಿಪ್ಪೆಯಲ್ಲಿ ಪ್ಯುನಿಕಲಾಜಿನ್ ಇರುವುದು, ಇಲಿಗಳ ಲಿವರ್‌ನಲ್ಲಿ ಇವು ಕೊಬ್ಬು, ಉರಿಯೂತ ತಗ್ಗಿಸಿದ್ದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

ಮರುದಿನದಿಂದಲೇ ಅಪ್ಪ ಬೆಳಿಗ್ಗೆ ಒಂದು ಚಮಚ ಸಿಪ್ಪೆ ಪುಡಿ ಶುರು ಮಾಡಿದರು. ಡಾಕ್ಟರ್ ಹೇಳಿದ್ದ ವಾಕಿಂಗ್ ನಿಂತಿತು. ಅಮ್ಮ ಬೈದರೆ, ‘ಪುಟ್ಟಿ ಲ್ಯಾಬಲ್ಲೇ ನೋಡಿದ್ದಾಳೆ ಬಿಡೆ’ ಎನ್ನುತ್ತಿದ್ದರಂತೆ. ಮೂರು ತಿಂಗಳ ನಂತರ ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ ಇನ್ನೂ ಏರಿತ್ತು. ನನ್ನ ಮಾತು ಗಂಟಲಲ್ಲೇ ಉಳಿಯಿತು.

ಆಮೇಲೆ ಕುಳಿತು ಸರಿಯಾಗಿ ಓದಿದೆ. ಹೆಸ್ಪೆರಿಡಿನ್ ಹೊಟ್ಟೆಯಲ್ಲಿ ಸುಲಭವಾಗಿ ಹೀರಲ್ಪಡುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದರ ಸಕ್ಕರೆಯ ಭಾಗವನ್ನು ಕತ್ತರಿಸಿದ ಮೇಲಷ್ಟೇ ಸ್ವಲ್ಪ ರಕ್ತಕ್ಕೆ ಸೇರುತ್ತದೆ. ಟೆಸ್ಟ್‌ಟ್ಯೂಬ್‌ಗೆ ಕರುಳೂ ಇಲ್ಲ, ಲಿವರ್ರೂ ಇಲ್ಲ. ಸಸ್ಯದ್ದೆಂದ ಮಾತ್ರಕ್ಕೆ ಎಲ್ಲವೂ ನಿರಪಾಯವೂ ಅಲ್ಲ. ಗ್ರೀನ್ ಟೀಯ ಗಟ್ಟಿ ಸಾರದ ಮಾತ್ರೆಗಳಿಂದಲೇ ಲಿವರ್‌ಗೆ ಪೆಟ್ಟು ಬಿದ್ದ ಉದಾಹರಣೆಗಳಿವೆ. ಫ್ಯಾಟಿ ಲಿವರ್‌ಗೆ ಗಟ್ಟಿ ಆಧಾರವಿರುವ ದಾರಿ ಎಂದರೆ ತೂಕದಲ್ಲಿ ಶೇ 7ರಿಂದ 10ರಷ್ಟು ಇಳಿಕೆ. 80 ಕೆ.ಜಿ.ಯ ಅಪ್ಪನಿಗೆ ಅದು ಸುಮಾರು 6ರಿಂದ 8 ಕೆ.ಜಿ.

‘ತಪ್ಪು ನನ್ನದೇ ಅಪ್ಪ, ಅರ್ಧ ಮಾತ್ರ ಹೇಳಿದ್ದೆ’ ಎಂದೆ. ಅವರು ನಕ್ಕು, ಚಪ್ಪಲಿ ಮೆಟ್ಟಿ ಹೊರಟರು. ಈಗ ದಿನವೂ ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆಯುತ್ತಾರೆ. ಪುಡಿ ಡಬ್ಬಿ ಖಾಲಿಯಾಗಿದೆ. ಅಮ್ಮ ಅಪರೂಪಕ್ಕೆ ಮಾಡುವ ಕಿತ್ತಳೆ ಸಿಪ್ಪೆ ಗೊಜ್ಜು ಮಾತ್ರ ಉಳಿದಿದೆ, ಅದೂ ಔಷಧಿಗಲ್ಲ, ರುಚಿಗೆ.

ಗೆಳೆಯರೇ, ಮನೆಯವರು ನಮ್ಮ ಓದನ್ನು ನಂಬುತ್ತಾರೆ. ಹಾಗಾಗಿ ಪ್ರಾಜೆಕ್ಟ್ ರಿಪೋರ್ಟ್‌ನ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೇನೆ: ಈ ಫಲಿತಾಂಶ ಟೆಸ್ಟ್‌ಟ್ಯೂಬ್‌ಗೆ ಮಾತ್ರ ಅನ್ವಯ.