ಏನೂ ತೆರೆಯದಿದ್ದರೂ ಫ್ಯಾನ್ ಯಾಕೆ ಕೂಗುತ್ತದೆ?

ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ರಸ್ತೆಗೆ ಖಾಸಗಿ ವಾಹನ ಬಿಡುವುದಿಲ್ಲ. ಕಾರು, ಬೈಕನ್ನು ಲಲಿತಮಹಲ್ ಬಳಿಯ ಹೆಲಿಪ್ಯಾಡ್ ಮೈದಾನದಲ್ಲಿ ನಿಲ್ಲಿಸಿ ಬಸ್ಸು ಹತ್ತಬೇಕು. ರಸ್ತೆ ಉಳಿದ ದಿನಗಳದ್ದೇ, ಅದರ ಅಗಲ ಒಂದಡಿಯೂ ಹೆಚ್ಚಿರುವುದಿಲ್ಲ. ಯಾರನ್ನು ಬಿಡಬೇಕು, ಯಾರನ್ನು ಕೆಳಗೇ ತಡೆಯಬೇಕು ಎಂದು ಒಬ್ಬರು ನಿಂತು ನೋಡುವುದರಿಂದ ಅಷ್ಟು ಜನ ದರ್ಶನ ಮುಗಿಸಿ ಇಳಿಯುತ್ತಾರೆ. ಲ್ಯಾಪ್‌ಟಾಪಿನ ಪ್ರೊಸೆಸರ್ ಕೂಡ ಅಂಥದ್ದೇ ಇಕ್ಕಟ್ಟಿನ ದಾರಿ. ಅಲ್ಲಿ ಸರದಿ ಹಂಚುವ ಶೆಡ್ಯೂಲರ್ ಎಂಬ ಭಾಗ ವಿಂಡೋಸ್‌ನೊಳಗೆ ಇದೆ. ಆದರೆ ಬಂದವರಲ್ಲಿ ಯಾರು ನಿಮಗೆ ಬೇಕಾದವರು ಎಂದು ಅದು ಕೇಳುವುದಿಲ್ಲ. ಆದ್ಯತೆಯ ಅಂಕಿ ನೋಡಿ, ಕೆಲವು ಮಿಲಿಸೆಕೆಂಡಿನ ಪಾಳಿ ಕೊಟ್ಟು, ಮುಂದಿನವರನ್ನು ಕರೆಯುತ್ತದೆ.

ಬೆಟ್ಟದ ಬುಡದ ಬಡಾವಣೆಗಳಲ್ಲಿ ಈಗ ಮನೆಯಿಂದಲೇ ಕೆಲಸ ಮಾಡುವವರೂ ಆನ್‌ಲೈನ್ ಪಾಠ ಕೇಳುವ ಮಕ್ಕಳೂ ಬಹಳ. ಅವರಿಂದ ಪದೇ ಪದೇ ಕೇಳಿಬರುವ ದೂರು ಒಂದೇ: ಲ್ಯಾಪ್‌ಟಾಪ್ ಹೊಸದು, ಏನೂ ತೆರೆದಿಲ್ಲ, ಆದರೂ ತಳ ಬಿಸಿ, ಫ್ಯಾನ್ ಜೋರು, ಬ್ಯಾಟರಿ ಬೇಗ ಖಾಲಿ. ಅಂಗಡಿಯವರು ರ್‍ಯಾಮ್ ಹಾಕಿಸಿ ಎನ್ನುತ್ತಾರೆ. ದುಡ್ಡು ಕೊಡುವ ಮೊದಲು, ಯಂತ್ರದ ಜೊತೆಗೇ ಬಂದ ತಂತ್ರಾಂಶಗಳನ್ನು ಒಮ್ಮೆ ನೋಡಬೇಕು. ಕೆಲವು ದಿನಗಳ ಉಚಿತ ಅವಧಿಯ ಆಂಟಿವೈರಸ್, ಕಂಪನಿಯ ಅಪ್‌ಡೇಟ್ ಸಹಾಯಕ, ಬಳಕೆಯ ಮಾಹಿತಿ ಕಳುಹಿಸುವ ಸೇವೆ, ಕೀಲಿಮಣೆಯ ದೀಪ ನಿಯಂತ್ರಿಸುವ ಆ್ಯಪ್, ಒಂದೆರಡು ಆಟ. ಲ್ಯಾಪ್‌ಟಾಪ್ ಮಾರಾಟದಲ್ಲಿ ಲಾಭದ ಅಂಚು ತೆಳು, ತಂತ್ರಾಂಶ ಕಂಪನಿಗಳು ಒಳಗೆ ಜಾಗ ಪಡೆಯಲು ತಯಾರಕರಿಗೆ ಹಣ ಕೊಡುತ್ತವೆ. ಆ ಹಣಕ್ಕೆ ನಿಮ್ಮ ಪ್ರೊಸೆಸರ್‌ನ ಪಾಳಿ ಮಾರಾಟವಾಗಿರುತ್ತದೆ.

ಇದು ಬರೀ ಕಿರಿಕಿರಿಗೆ ನಿಲ್ಲುವ ಸಂಗತಿಯೂ ಅಲ್ಲ. ಲೆನೊವೊ ಕಂಪನಿ 2014ರಲ್ಲಿ ಕೆಲವು ಮಾದರಿಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ ಸೇರಿಸಿ ಮಾರಿತು. ಅದು ಬಳಕೆದಾರ ಮತ್ತು ಜಾಲತಾಣದ ನಡುವೆ ಕೂತು, ಬ್ಯಾಂಕಿನ ಸುರಕ್ಷಿತ ಸಂಪರ್ಕವನ್ನೂ ಬಿಚ್ಚಿ ನೋಡುವಂತಿತ್ತು. ಎಲ್ಲ ಯಂತ್ರಗಳಿಗೂ ಒಂದೇ ಗುಪ್ತಕೀಲಿ ಇದ್ದದ್ದು 2015ರ ಫೆಬ್ರವರಿಯಲ್ಲಿ ಬಯಲಾಯಿತು. 2017ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು 32 ರಾಜ್ಯಗಳೊಂದಿಗೆ ರಾಜಿಯಾಗಿ ಕಂಪನಿ 35 ಲಕ್ಷ ಡಾಲರ್ ಕಟ್ಟಿತು.

ಇಷ್ಟು ಚಿಕ್ಕ ತಂತ್ರಾಂಶಗಳು ಯಂತ್ರವನ್ನು ಬಿಸಿ ಮಾಡುವುದು ಹೇಗೆ? ಕೆಲಸವಿಲ್ಲದ ಪ್ರೊಸೆಸರ್ ನಿಜಕ್ಕೂ ನಿದ್ದೆಗೆ ಜಾರುತ್ತದೆ. ಅದರೊಳಗೆ ಕೆಲಸ ಮಾಡುವ ಘಟಕಗಳಾದ ಕೋರ್‌ಗಳ ಗಡಿಯಾರ ನಿಲ್ಲುತ್ತದೆ, ಇನ್ನೂ ಆಳಕ್ಕೆ ಹೋದರೆ ಅವುಗಳಿಗೆ ಹರಿಯುವ ವಿದ್ಯುತ್ತೇ ಕಡಿತವಾಗುತ್ತದೆ. ಚೆನ್ನಾಗಿ ಬರೆದ ತಂತ್ರಾಂಶ, ಚಾರ್ಜರ್ ಚುಚ್ಚಿದಾಗ ನನ್ನನ್ನು ಎಬ್ಬಿಸು ಎಂದು ವಿಂಡೋಸ್‌ಗೆ ಹೇಳಿ ಮಲಗುತ್ತದೆ. ಕಳಪೆಯಾಗಿ ಬರೆದದ್ದು ಸೆಕೆಂಡಿಗೆ ಹಲವು ಸಲ ಎದ್ದು, ಚುಚ್ಚಿದರೇ, ಚುಚ್ಚಿದರೇ ಎಂದು ತಾನೇ ವಿಚಾರಿಸುತ್ತದೆ. ಪ್ರತಿ ಸಲವೂ ಒಂದು ಕೋರ್ ಎಚ್ಚರಗೊಳ್ಳಬೇಕು. ಹೀಗೆ ನಾಲ್ಕಾರು ತಂತ್ರಾಂಶ ಸೇರಿದರೆ ಪ್ರೊಸೆಸರ್‌ಗೆ ಕಣ್ಣು ಮುಚ್ಚಲು ಬಿಡುವೇ ಇರುವುದಿಲ್ಲ.

ಪತ್ತೆಗೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಸಿಪಿಯು ಎಂಬ ತಲೆಬರಹ ಒತ್ತಿದರೆ ಹೆಚ್ಚು ತಿನ್ನುವವರು ಮೇಲೆ ಬರುತ್ತಾರೆ. ಕೊಂಡ ಮೊದಲ ದಿನ ವಿಂಡೋಸ್ ತನ್ನ ಅಪ್‌ಡೇಟ್ ಇಳಿಸಿಕೊಳ್ಳುತ್ತಾ, ಕಡತಗಳ ಸೂಚಿ ಕಟ್ಟುತ್ತಾ ಇರುತ್ತದೆ. ಆ ಏರಿಕೆ ಸಹಜ, ತಾನಾಗಿ ಇಳಿಯುತ್ತದೆ. ಇಳಿಯದೆ ಒಂದೇ ಅಂಕಿಗೆ ಅಂಟಿಕೊಂಡರೆ ಆ ಅಂಕಿಯನ್ನು ಗಮನಿಸಿ. ಏಕಕಾಲಕ್ಕೆ ಕೆಲಸದ ಎಂಟು ಎಳೆ ನಡೆಸಬಲ್ಲ, ಅಂದರೆ ಎಂಟು ತಾರ್ಕಿಕ ಪ್ರೊಸೆಸರ್‌ಗಳ ಯಂತ್ರದಲ್ಲಿ ಒಂದರ ಪೂರ್ಣ ಪಾಲು ಶೇ 12.5, ನಾಲ್ಕಿದ್ದರೆ ಶೇ 25. ಒಂದು ತಂತ್ರಾಂಶ ಗಂಟೆಗಟ್ಟಲೆ ಆ ಆಸುಪಾಸಿನಲ್ಲೇ ನಿಂತಿದ್ದರೆ, ಅದರ ಒಂದು ಎಳೆ ಕೊನೆಯಿಲ್ಲದ ಸುತ್ತಿನಲ್ಲಿ ಸಿಕ್ಕಿಕೊಂಡಿದೆ ಎಂದು ಬಲವಾಗಿ ಶಂಕಿಸಬಹುದು. ಕಡಿಮೆ ಪ್ರೊಸೆಸರ್‌ಗಳಿರುವ ಅಗ್ಗದ ಯಂತ್ರಕ್ಕೆ ಇದರ ಪೆಟ್ಟು ಯಾಕೆ ಜಾಸ್ತಿ ಎಂಬುದೂ ಈ ಲೆಕ್ಕದಲ್ಲೇ ಇದೆ.

ಇನ್ನೊಂದು ಪ್ರಕರಣ ಹೆಚ್ಚು ಸೂಕ್ಷ್ಮವಾದದ್ದು. ಪಟ್ಟಿಯ ತುದಿಯಲ್ಲಿ ಡಬ್ಲ್ಯೂಎಂಐ ಪ್ರೊವೈಡರ್ ಹೋಸ್ಟ್ ಎಂಬ ಹೆಸರು ಕಾಣುತ್ತದೆ. ಅದು ವಿಂಡೋಸ್‌ನದೇ ಭಾಗವಾದ್ದರಿಂದ ಜನ ವಿಂಡೋಸ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಮಾಹಿತಿ ಒದಗಿಸುವ ಗುಮಾಸ್ತ. ಬ್ಯಾಟರಿ ಎಷ್ಟಿದೆ, ಬಿಸಿ ಎಷ್ಟಿದೆ ಎಂದು ಬೇರೊಬ್ಬರು ಕೇಳುತ್ತಲೇ ಇದ್ದರೆ ದುಡಿಮೆಯ ಲೆಕ್ಕ ಗುಮಾಸ್ತನ ಹೆಸರಿಗೆ ಬೀಳುತ್ತದೆ, ಕೇಳಿದವರು ಪಟ್ಟಿಯಲ್ಲಿ ಕೆಳಗೆ ತಣ್ಣಗಿರುತ್ತಾರೆ. ಅವರನ್ನು ಹಿಡಿಯಲು ಈವೆಂಟ್ ವ್ಯೂವರ್ ತೆರೆದು, ಮೈಕ್ರೊಸಾಫ್ಟ್, ವಿಂಡೋಸ್, ಡಬ್ಲ್ಯೂಎಂಐ ಆ್ಯಕ್ಟಿವಿಟಿ, ಆಪರೇಷನಲ್ ಎಂಬ ದಾಖಲೆಗೆ ಹೋಗಿ. ಅಲ್ಲಿನ ದೋಷ ನಮೂದುಗಳಲ್ಲಿ ಕೇಳಿದವರ ಪ್ರೊಸೆಸ್ ಸಂಖ್ಯೆ ಇರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ಅದೇ ಸಂಖ್ಯೆ ಹುಡುಕಿದರೆ ಹೆಸರು ಸಿಗುತ್ತದೆ. ಬಹಳ ಸಲ ಅದು ತಯಾರಕರೇ ಹಾಕಿದ ಯಾವುದೋ ಸಹಾಯಕ ತಂತ್ರಾಂಶವಾಗಿರುತ್ತದೆ.

ಸಿಕ್ಕಿದ್ದನ್ನು ತಕ್ಷಣ ಅಳಿಸಬೇಡಿ. ಮೊದಲು ಅದರ ಹೊಸ ಆವೃತ್ತಿ ಇದ್ದರೆ ಹಾಕಿ ನೋಡಿ, ಅಷ್ಟರಲ್ಲೇ ಗುಣವಾಗುವುದುಂಟು. ಆಗದಿದ್ದರೆ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ನಿಷ್ಕ್ರಿಯಗೊಳಿಸಿ, ಯಂತ್ರ ಮರುಚಾಲೂ ಮಾಡಿ, ಮತ್ತೆ ಅಳೆಯಿರಿ. ಎಲ್ಲವೂ ಸರಿಯಿದ್ದರೆ ಸೆಟ್ಟಿಂಗ್ಸ್‌ನಿಂದ ತೆಗೆಯಿರಿ. ಆಂಟಿವೈರಸ್ ತೆಗೆಯಲು ಅಂಜಬೇಕಿಲ್ಲ, ವಿಂಡೋಸ್‌ನ ಡಿಫೆಂಡರ್ ಆ ಜಾಗಕ್ಕೆ ಬರುತ್ತದೆ. ಗ್ರಾಫಿಕ್ಸ್, ಧ್ವನಿ, ಟಚ್‌ಪ್ಯಾಡ್ ಡ್ರೈವರ್‌ಗಳನ್ನು ಮಾತ್ರ ಮುಟ್ಟಬೇಡಿ.

ಕಡತಗಳ ಪ್ರತಿ ತೆಗೆದಿಟ್ಟು, ಮೈಕ್ರೊಸಾಫ್ಟ್ ಕೊಡುವ ಶುದ್ಧ ವಿಂಡೋಸ್ ಅನ್ನು ಪೆನ್‌ಡ್ರೈವ್‌ನಿಂದ ಹೊಸದಾಗಿ ಹಾಕುವುದು ಕೊನೆಯ ದಾರಿ. ವಿಂಡೋಸ್ ಸಮೇತ ಬಂದ ಈಚಿನ ಯಂತ್ರಗಳಲ್ಲಿ ಪರವಾನಗಿಯ ಕೀಲಿ ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ ಇರುವುದರಿಂದ ಮತ್ತೆ ಕೊಳ್ಳಬೇಕಿಲ್ಲ. ಆದರೆ ಅದೇ ಫರ್ಮ್‌ವೇರ್‌ನಿಂದ ತಯಾರಕರು ತಮ್ಮ ತಂತ್ರಾಂಶವನ್ನು ಮತ್ತೆ ಒಳಗೆ ತಳ್ಳಲು ವಿಂಡೋಸ್ 8ರಿಂದಲೂ ಅವಕಾಶವಿದೆ. 2015ರಲ್ಲಿ ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಇದು ಕಂಡುಬಂದು, ಕಂಪನಿ ಆ ವ್ಯವಸ್ಥೆಯನ್ನು ನಿಲ್ಲಿಸಬೇಕಾಯಿತು. ಕೊಂಡವರು ಅಳಿಸಿದ್ದನ್ನು ಮಾರಿದವರು ವಾಪಸು ತರುವುದು ನನ್ನ ದೃಷ್ಟಿಯಲ್ಲಿ ಅತಿಕ್ರಮಣ.

ರಾಜ್ಯ ಸರ್ಕಾರ ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಹಂಚಿದೆ, ಮುಂದೆಯೂ ಹಂಚಬಹುದು. ಆ ಮಕ್ಕಳಲ್ಲಿ ಎಷ್ಟೋ ಜನರಿಗೆ ಅದು ಮನೆಯ ಮೊದಲ ಕಂಪ್ಯೂಟರ್. ಅದನ್ನು ಶುಚಿ ಮಾಡಿಕೊಡುವವರು ಮನೆಯಲ್ಲಿ ಇರುವುದಿಲ್ಲ. ಹೆಚ್ಚುವರಿ ತಂತ್ರಾಂಶಗಳಿಲ್ಲದ, ಬರೀ ವಿಂಡೋಸ್ ಅಥವಾ ಲಿನಕ್ಸ್ ಇರುವ ಯಂತ್ರವನ್ನೇ ಪೂರೈಸಬೇಕು ಎಂಬ ಒಂದು ಸಾಲನ್ನು ಸಂಬಂಧಪಟ್ಟ ಇಲಾಖೆ ಮುಂದಿನ ಟೆಂಡರ್‌ನಲ್ಲಿ ಬರೆಯಲಿ.